ಜೀಪಿನ ಕ್ರೌನ್-ಪಿನಿಯನ್ ಮನೆಯಲ್ಲೇ ಕೂರಿಸಿದ್ದು: ಯಾವ ಸಾಮಾನು ಬೇಕಾಯಿತು, ಯಾವುದು ಬೇಡವಾಯಿತು

ಇದು ಒಂದೇ ಒಂದು ಜೀಪಿನ ಕತೆ. ಚಿಕ್ಕಪ್ಪನದು, 80ರ ದಶಕದ ಮಹೀಂದ್ರ. ಕೊಡಗಿನ ಪೊನ್ನಂಪೇಟೆಯಿಂದ ಒಳಗಿರುವ ನಮ್ಮ ತೋಟಕ್ಕೆ ಗೊಬ್ಬರ ಬರುವುದು, ಕಾಫಿ ಮೂಟೆ ಹೊರಗೆ ಹೋಗುವುದು, ಲೈನ್ ಮನೆಯ ಕೆಲಸಗಾರರಿಗೆ ಹುಷಾರಿಲ್ಲದಾಗ ಗೋಣಿಕೊಪ್ಪಕ್ಕೆ ಕರೆದುಕೊಂಡು ಹೋಗುವುದು, ಎಲ್ಲಾ ಅದರಲ್ಲೇ. ದಾರಿಯಲ್ಲಿ ಒಂದು ತೋಡು ದಾಟಬೇಕು. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು, ಮಳೆ ಜೋರಾದ ಕಕ್ಕಡ ತಿಂಗಳಲ್ಲಿ ಚಕ್ರದ ಹಬ್ ಮುಳುಗುವಷ್ಟು. ಈ ತೋಡಿನ ವಿಷಯ ಆಮೇಲೆ ಬರುತ್ತದೆ. ಕಾಯಿಲೆಯ ಬೇರು ಅಲ್ಲೇ ಇತ್ತು.

ಹೋದ ವರ್ಷ ಮಳೆ ಮುಗಿದ ಮೇಲೆ ಹಿಂದಿನ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ತಿರುಗಾಟವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರುಗಳು, ಸದ್ದು ಮಾಡಲು ಶುರು ಮಾಡಿತು. ಅದರೊಳಗೆ ಪಿನಿಯನ್ (ಟೈಲ್ ಪಿನಿಯನ್ ಅಂತಲೂ ಹೇಳುತ್ತಾರೆ) ಅನ್ನುವ ಚಿಕ್ಕ ಗೇರು ಕ್ರೌನ್ ಅನ್ನುವ ದೊಡ್ಡ ಗೇರನ್ನು ತಿರುಗಿಸುತ್ತದೆ. ಒಂದು ವರ್ಕ್‌ಶಾಪಿಗೆ ಬಿಟ್ಟೆವು. ಅವರು ಬೇರಿಂಗ್ ಬದಲಿಸಿದರು, ಹಳೇ ಶಿಮ್‌ಗಳನ್ನೇ (ಸಂದಿಯ ಅಳತೆ ಹೊಂದಿಸುವ ತೆಳು ಲೋಹದ ಬಳೆಗಳು) ವಾಪಸ್ ಹಾಕಿದರು, ಟೈಲ್ ಪಿನಿಯನ್ನಿನ ನಟ್ಟಿಗೆ ಉದ್ದದ ಪೈಪು ಹಾಕಿ ಆದಷ್ಟು ಬಿಗಿ ಮಾಡಿದರು. ಅಳತೆ ಅಂತ ಏನೂ ತೆಗೆಯಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಆಗ ನನಗೂ ಗೊತ್ತಿರಲಿಲ್ಲ ಕೇಳಬೇಕು ಅಂತ. ನಾಲ್ಕು ತಿಂಗಳು ಸರಿ ಇತ್ತು. ಆಮೇಲೆ 40 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಊಂ ಅಂತ ಕೂಗು, ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದಿನಿಂದ ಠಕ್ ಅಂತ ಒಂದು ಹೊಡೆತ. ಕೊಯ್ಲು ಹೇಗೋ ಮುಗಿಸಿದೆವು. ಮಳೆಗಾಲ ಪೂರ್ತಿ ಓಡಿಸಿದೆವು, ಬೇರೆ ದಾರಿ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ಮರುವಾರ ನಾನು ಚಿಕ್ಕಪ್ಪನ ಹತ್ತಿರ ಹೇಳಿದೆ, ಈ ಸಲ ಯಾರಿಗೂ ಕೊಡೋದು ಬೇಡ, ನಾನೇ ಬಿಚ್ಚುತ್ತೇನೆ ಅಂತ.

"ಆಯುಧ ಪೂಜೆಗೆ ಜೀಪು ಅಂಗಳದಲ್ಲಿ ನಿಂತಿರಬೇಕು. ಅಷ್ಟು ಗ್ಯಾರಂಟಿ ಕೊಡು, ಆಮೇಲೆ ಏನು ಬೇಕಾದ್ರೂ ಮಾಡು" ಅಂದರು ಚಿಕ್ಕಪ್ಪ.

ಗೋಣಿಕೊಪ್ಪದಲ್ಲಿ 40 ವರ್ಷ ಜೀಪುಗಳನ್ನೇ ಬಿಚ್ಚಿ ಕಟ್ಟಿದ ಒಬ್ಬ ಕಾಕ ಇದ್ದಾರೆ. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟಿದ್ದಾರೆ. ಅವರ ಹತ್ತಿರ ಹೋಗಿ ಏನೇನು ಸಾಮಾನು ಬೇಕು ಕಾಕ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಚ್ಚೋ ಸಾಮಾನು ನನ್ನ ಹತ್ರ ಉಂಟು, ತಗೊಂಡು ಹೋಗು. ಅಳೆಯೋ ಸಾಮಾನು ಮಾತ್ರ ನೀನೇ ತಗೋ. ಅದನ್ನ ಯಾರ ಹತ್ರನೂ ಸಾಲ ಕೇಳ್ಬೇಡ" ಅಂದರು. ಇಡೀ ಕೆಲಸ ನಡೆದದ್ದು ಈ ಮಾತಿನ ಮೇಲೆ. ಯಾಕೆ ಅಂತ ಹೇಳಲಿಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಿಚ್ಚುವಾಗ

ಮೊದಲು ಯಾವ ಆಕ್ಸಲ್ ಅಂತ ಖಾತ್ರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸಾಮಾನು ತಪ್ಪು ಬರುತ್ತದೆ. ನಮ್ಮದು ಡಾನಾ 44 ಮಾದರಿ, ಹಿಂದಿನ ಮುಚ್ಚಳಕ್ಕೆ ಹತ್ತು ಬೋಲ್ಟು. ಕ್ರೌನ್ ವೀಲಿನ ಹಲ್ಲು ಎಣಿಸಿದೆ, 43. ಪಿನಿಯನ್ನಿನದು 8. ಅಂದರೆ 5.38 ರೇಶಿಯೋ. ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಸಿಜೆ-3ಬಿ ಜೀಪಿನಲ್ಲೂ ಇದೇ ರೇಶಿಯೋ ಇತ್ತು, ಹಾಗಾಗಿ ಆ ಕಾಲದ ವಿಲ್ಲಿಸ್ ಸರ್ವಿಸ್ ಮ್ಯಾನುವಲ್ ನಮಗೆ ಉಪಯೋಗಕ್ಕೆ ಬಂತು. ಮ್ಯಾನುವಲ್ಲನ್ನೂ ನಾನು ಒಂದು ಸಾಮಾನು ಅಂತಲೇ ಲೆಕ್ಕ ಹಾಕುತ್ತೇನೆ. ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಹಾಳೆ ಹಾಕಿಸಿ ಶೆಡ್ಡಿನ ಗೋಡೆಗೆ ಅಂಟಿಸಿದೆ. ಯಾಕೆಂದರೆ ಗ್ರೀಸ್ ಕೈಯಲ್ಲಿ ಫೋನ್ ಮುಟ್ಟಲಾಗುವುದಿಲ್ಲ, ಮತ್ತು ಇಂಚು-ಮಿಲಿಮೀಟರ್ ಲೆಕ್ಕ ನೆನಪಿನಲ್ಲಿ ಇಟ್ಟುಕೊಂಡರೆ ಎಲ್ಲೋ ಒಂದು ಕಡೆ ತಪ್ಪೇ ತಪ್ಪುತ್ತದೆ.

ಜೀಪಿನ ಅಡಿಯಲ್ಲಿ ಮಲಗಿಕೊಂಡು ಈ ಕೆಲಸ ಮಾಡಬಹುದು ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಯು ಬೋಲ್ಟ್, ಬ್ರೇಕ್ ಪೈಪು, ಪ್ರೊಪೆಲ್ಲರ್ ಶಾಫ್ಟ್ ಕಳಚಿ ಇಡೀ ಆಕ್ಸಲ್ಲನ್ನೇ ಹೊರಗೆ ಎಳೆದು, ಎರಡು ಸಿಲ್ವರ್ ಮರದ ದಿಮ್ಮಿಗಳ ಮೇಲೆ ಸೊಂಟದ ಎತ್ತರಕ್ಕೆ ಕೂರಿಸಿದೆವು. ಕೂದಲೆಳೆಯಷ್ಟು ಆಟವನ್ನೂ ಅಳೆಯುವ ಡಯಲ್ ಗೇಜಿನ ಮುಳ್ಳು ಓದುವುದಕ್ಕೆ ಕಣ್ಣು ಅದರ ನೇರಕ್ಕೇ ಇರಬೇಕು. ಮಲಗಿಕೊಂಡು, ಕಣ್ಣಿಗೆ ಮಣ್ಣು ಉದುರುತ್ತಿರುವಾಗ, ಅದು ಆಗುವ ಮಾತಲ್ಲ.

ಆಯಿಲ್ ಇಳಿಸಿದಾಗ ಬಂದದ್ದು ಹಾಲು ಹಾಕಿದ ಕಾಫಿ ಬಣ್ಣದ್ದು. ನೀರು ಸೇರಿದೆ ಅಂತ ಅಲ್ಲೇ ಗೊತ್ತಾಯಿತು. ಆಕ್ಸಲ್ ಮೇಲಿರುವ ಬ್ರೀದರ್ ಬಿಚ್ಚಿ ನೋಡಿದರೆ ತೂತು ಪೂರ್ತಿ ಕೆಂಪು ಮಣ್ಣಿನಿಂದ ಮುಚ್ಚಿ ಹೋಗಿತ್ತು. ಇದು ನಡೆಯುವ ರೀತಿ ಹೀಗೆ: ಲೋಡ್ ಹೊತ್ತು ಏರಿ ಇಳಿದು ಬಂದ ಆಕ್ಸಲ್ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ತೋಡಿನ ತಣ್ಣೀರಿಗೆ ಇಳಿದ ಕೂಡಲೇ ಆ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬ್ರೀದರ್ ತೆರೆದಿದ್ದರೆ ಅಲ್ಲಿಂದ ಗಾಳಿ ಬರುತ್ತದೆ. ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರೇ ಬರುತ್ತದೆ. ವರ್ಷಕ್ಕೆ ಎಷ್ಟು ಸಲ ತೋಡು ದಾಟಿದೆವೋ ಅಷ್ಟು ಸಲ ಒಂದೊಂದು ಗುಟುಕು. ಹೊಸ ಬೇರಿಂಗ್‌ಗಳ ಮೇಲೂ ಆಗಲೇ ತುಕ್ಕಿನ ಚುಕ್ಕೆ ಬಿದ್ದಿದ್ದವು. ಹಾಗಾಗಿ ತಪ್ಪನ್ನು ಆ ವರ್ಕ್‌ಶಾಪಿನ ಮೇಲೆ ಮಾತ್ರ ಹೊರಿಸಲಿಕ್ಕೆ ನನಗೆ ಮನಸ್ಸಿಲ್ಲ. ಬ್ರೀದರ್ ನೋಡಬೇಕಾದವರು ನಾವು.

ಆದರೆ ಬಿಚ್ಚುವ ಮೊದಲೇ ಅಳೆದದ್ದು ಒಂದಿತ್ತು, ಬ್ಯಾಕ್‌ಲ್ಯಾಶ್. ಪಿನಿಯನ್ ಅಲುಗದ ಹಾಗೆ ಹಿಡಿದು ಕ್ರೌನ್ ವೀಲನ್ನು ಮುಂದಕ್ಕೆ ಹಿಂದಕ್ಕೆ ಆಡಿಸಿದರೆ ಹಲ್ಲಿನ ಹತ್ತಿರ ಎಷ್ಟು ಆಟ ಇದೆಯೋ ಅದು. ಇರಬೇಕಾದದ್ದು ಸುಮಾರು 0.13ರಿಂದ 0.23 ಮಿ.ಮೀ. ನಮ್ಮದು 0.55 ತೋರಿಸಿತು. ಆ ಠಕ್ ಅನ್ನುವ ಹೊಡೆತ ಇದೇ. ಕೈಯಲ್ಲಿ ಆಡಿಸಿದರೆ 0.2ಕ್ಕೂ 0.5ಕ್ಕೂ ವ್ಯತ್ಯಾಸ ನನಗಂತೂ ತಿಳಿಯಲಿಲ್ಲ, ಎರಡೂ "ಸ್ವಲ್ಪ ಆಟ ಇದೆ" ಅನ್ನಿಸುತ್ತದೆ ಅಷ್ಟೆ. ಕಾಕನ ಮಾತಿನ ಅರ್ಥ ನನಗೆ ಹೊಳೆದದ್ದು ಇಲ್ಲಿ.

ಈ ಜೀಪಿನ ಆಕ್ಸಲ್ ಶಾಫ್ಟಿನ ತುದಿ ಟೇಪರ್, ಅದರ ಮೇಲೆ ಹಬ್ ಕೀ ಸಮೇತ ಬಿಗಿಯಾಗಿ ಕೂತಿರುತ್ತದೆ. ಮಾಮೂಲು ಮೂರು ಕಾಲಿನ ಪುಲ್ಲರ್ ಇದಕ್ಕೆ ಸಾಕಾಗುವುದಿಲ್ಲ. ಹಬ್ಬಿನ ವೀಲ್ ಸ್ಟಡ್ಡುಗಳಿಗೇ ಬಿಗಿಯುವ ದಪ್ಪ ಹಬ್ ಪುಲ್ಲರ್ ಬೇಕು, ಅದರ ನಡುವಿನ ಬೋಲ್ಟಿಗೆ ಸುತ್ತಿಗೆ ಪೆಟ್ಟು ಕೊಡಬೇಕು. ಕಾಕನ ಹತ್ತಿರ ಇತ್ತು. ಒಂದು ವಿಷಯ ಮರೆಯಬಾರದು, ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿಯೇ ಎಳೆಯಬೇಕು. ಹಬ್ ಬಿಡುವಾಗ ಗುಂಡು ಹೊಡೆದ ಹಾಗೆ ಸದ್ದು ಬರುತ್ತದೆ. ನಟ್ ಇಲ್ಲದಿದ್ದರೆ ಆ ಅಷ್ಟೂ ಕಬ್ಬಿಣ ಮುಂದೆ ನಿಂತವರ ಎದೆಗೆ. ಎಡಗಡೆಯದು ಬೇಗ ಬಂತು. ಬಲಗಡೆಯದಕ್ಕೆ ಪುಲ್ಲರ್ ಬಿಗಿದು ರಾತ್ರಿ ಹಾಗೇ ಬಿಟ್ಟೆವು, ಬೆಳಗ್ಗೆ ಎರಡೇ ಪೆಟ್ಟಿಗೆ ಬಿಟ್ಟಿತು.

ಬೇರಿಂಗ್ ಕ್ಯಾಪ್ ಬಿಚ್ಚುವ ಮುಂಚೆ ಅವುಗಳ ಮೇಲಿನ ಅಕ್ಷರ ನೋಡಿ. ಕ್ಯಾಪಿನ ಮೇಲೂ ಹೌಸಿಂಗ್ (ಆಕ್ಸಲ್ಲಿನ ಹೊರಗಿನ ಕವಚ) ಮೇಲೂ ಒಂದೇ ಅಕ್ಷರ ಒಂದೇ ದಿಕ್ಕಿಗೆ ಹೊಡೆದಿರುತ್ತಾರೆ. ಎಡ ಬಲ ಅದಲು ಬದಲಾದರೆ ಬೇರಿಂಗ್ ಕೂರುವ ಗೂಡಿನ ಅಳತೆಯೇ ಕೆಡುತ್ತದೆ.

ಇನ್ನು ನಾನು ದುಡ್ಡು ಕಳೆದುಕೊಂಡ ಜಾಗ. ಕೇಜಿನ (ಕ್ರೌನ್ ಬಿಗಿದಿರುವ ಒಳಗಿನ ಗೂಡು) ಎರಡು ಪಕ್ಕದ ಬೇರಿಂಗ್ ಕೋನ್ (ರೋಲರ್ ಇರುವ ಒಳ ರಿಂಗ್) ತೆಗೆಯಲಿಕ್ಕೆ ಅಂತ ಕುಶಾಲನಗರಕ್ಕೆ ಹೋದಾಗ 900 ರೂಪಾಯಿ ಕೊಟ್ಟು ಮೂರು ಕಾಲಿನ ಪುಲ್ಲರ್ ತಂದಿದ್ದೆ. ಬೇರಿಂಗಿಗೂ ಕೇಜಿಗೂ ನಡುವಿನ ಸಂದಿ ಉಗುರು ಹೋಗುವಷ್ಟು ಮಾತ್ರ. ಪುಲ್ಲರಿನ ಕಾಲು ಅಲ್ಲಿ ಕಚ್ಚಲೇ ಇಲ್ಲ, ಬಿಗಿ ಮಾಡಿದ ಹಾಗೆ ಜಾರಿ ಬೇರಿಂಗಿನ ರೋಲರ್ ಗೂಡನ್ನು ಹರಿದು ಹಾಕಿತು, ಮೂರನೇ ಸಲಕ್ಕೆ ಕಾಲೇ ಮುರಿಯಿತು. ಇಲ್ಲಿ ಬೇಕಾದದ್ದು ಎರಡು ಹೋಳಿನ ಬೇರಿಂಗ್ ಸ್ಪ್ಲಿಟರ್. ಎರಡು ಅರ್ಧಚಂದ್ರದ ತುಂಡುಗಳು, ಒಳಅಂಚು ಚೂರಿಯ ಹಾಗೆ ತೆಳು, ಎರಡೂ ಕಡೆಯಿಂದ ಬೇರಿಂಗಿನ ಅಡಿಗೆ ಕಚ್ಚಿಸಿ ಬೋಲ್ಟ್ ಬಿಗಿದು ಆಮೇಲೆ ಮೇಲಕ್ಕೆ ಎಳೆಯಬೇಕು. ಅದೂ ಕಾಕನ ಪೆಟ್ಟಿಗೆಯಲ್ಲಿ ಇತ್ತು. ಮೊದಲೇ ಕೇಳಿದ್ದರೆ ಆಗುತ್ತಿತ್ತು. ಸ್ಪ್ಲಿಟರ್ ಎಲ್ಲೂ ಸಿಗದಿದ್ದರೆ, ಬೇರಿಂಗ್ ಹೇಗೂ ಹೊಸದು ಹಾಕುವುದಿದ್ದರೆ, ಗ್ರೈಂಡರಿನಲ್ಲಿ ಒಳ ರಿಂಗಿಗೆ ಮುಕ್ಕಾಲು ಆಳ ಗೀರಿ ಉಳಿ ಇಟ್ಟು ಒಡೆಯಬಹುದು. ಗ್ರೈಂಡರ್ ಒಳಗಿನ ಕೇಜಿಗೆ ತಾಗಿದರೆ ಮಾತ್ರ ಕೆಲಸ ಕೆಟ್ಟಿತು. ಮತ್ತೆ, ಹಾಗೆ ಒಡೆದರೆ ಹಳೇ ಬೇರಿಂಗ್ ಹೋಗಿಬಿಡುತ್ತದೆ. ಹಳೇ ಬೇರಿಂಗ್ ಎಷ್ಟು ಬೆಲೆಯದ್ದು ಅಂತ ಮುಂದೆ ಹೇಳುತ್ತೇನೆ.

ಪ್ರೆಸ್ ಕೊಳ್ಳಬೇಡಿ. ಪಿನಿಯನ್ ಬೇರಿಂಗ್ ತೆಗೆಯಲು 20 ಟನ್ನಿನ ಹೈಡ್ರಾಲಿಕ್ ಪ್ರೆಸ್ ಬೇಕು ನಿಜ, ಆದರೆ ಅದು ಇಡೀ ಕೆಲಸದಲ್ಲಿ ಹತ್ತು ನಿಮಿಷದ ಮಾತು. ಗೋಣಿಕೊಪ್ಪದ ಲೇತ್‌ನವರ ಹತ್ತಿರ ಹೋಗಿ ಒತ್ತಿಸಿಕೊಂಡು ಬಂದೆ. ಹೊಸದನ್ನು ಕೂರಿಸಲು ಪ್ರೆಸ್ ಬೇಕಾಗಲೇ ಇಲ್ಲ. ಬಚ್ಚಲ ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ ಆಯಿಲ್ ಬಿಸಿ ಮಾಡಿ, ತಂತಿ ಕಟ್ಟಿ ಬೇರಿಂಗನ್ನು ಅದರಲ್ಲಿ ತೂಗಿ ಬಿಟ್ಟು, 100ರಿಂದ 110 ಡಿಗ್ರಿಗೆ ತಂದರೆ ಬೇರಿಂಗ್ ಹಿಗ್ಗಿ ತಾನಾಗೇ ಜಾರಿ ಕೂರುತ್ತದೆ. ಥರ್ಮಾಮೀಟರ್ ಇಟ್ಟೇ ಮಾಡಿ. ಕಾಯಿಸುವ ಪಾತ್ರೆಯ ತಳಕ್ಕೆ ಬೇರಿಂಗ್ ತಾಗಬಾರದು, 120 ದಾಟಿಸಬಾರದು, ಉಕ್ಕಿನ ಗಟ್ಟಿತನ ಹೋಗುತ್ತದೆ. ಅಮ್ಮ ಅವತ್ತು ಬಚ್ಚಲ ಹತ್ತಿರ ಯಾರನ್ನೂ ಬಿಡಲಿಲ್ಲ, ಅದು ಒಳ್ಳೆಯದೇ ಆಯಿತು, ಬಿಸಿ ಎಣ್ಣೆ ಮಕ್ಕಳಿರುವ ಮನೆಯಲ್ಲಿ ಭಯದ ವಿಷಯ.

ಅಳೆಯುವಾಗ

ನಾನು ಸ್ವಂತಕ್ಕೆ ಕೊಂಡದ್ದು 0.01 ಮಿ.ಮೀ. ಓದುವ ಡಯಲ್ ಗೇಜ್, ಅದರ ಮ್ಯಾಗ್ನೆಟ್ ಸ್ಟ್ಯಾಂಡ್, 0ರಿಂದ 25 ಮಿ.ಮೀ. ಮೈಕ್ರೋಮೀಟರ್. ಮೂರೂ ಸೇರಿ 4 ಸಾವಿರದ ಒಳಗೆ ಮೈಸೂರಿನಲ್ಲಿ ಸಿಕ್ಕಿತು. ವರ್ನಿಯರ್ ಮನೆಯಲ್ಲಿ ಇತ್ತು, ಆದರೆ ಶಿಮ್ ಅಳೆಯಲಿಕ್ಕೆ ವರ್ನಿಯರ್ ಸಾಲದು. ಶಿಮ್‌ಗಳು 0.003 ಇಂಚು, 0.005 ಇಂಚು, ಹೀಗೆ ಬರುತ್ತವೆ. 0.003 ಇಂಚು ಅಂದರೆ 0.076 ಮಿ.ಮೀ. ವರ್ನಿಯರ್ ಹಿಡಿಯುವ ಕೈಯ ಒತ್ತಡ ಸ್ವಲ್ಪ ಬದಲಾದರೂ ಅದರ ಕಾಲು ಭಾಗ ಹೆಚ್ಚು ಕಡಿಮೆ ಆಗುತ್ತದೆ. ಪೊಟ್ಟಣದ ಮೇಲೆ ಬರೆದದ್ದನ್ನೂ ನಂಬಬೇಡಿ. 0.005 ಅಂತ ಬರೆದಿದ್ದ ಒಂದು ಶಿಮ್ ಅಳೆದರೆ 0.0062 ಬಂತು.

ಮೊದಲು ಒಂದು ಅರ್ಥ ಆಗಬೇಕು. ಈ ಆಕ್ಸಲ್ಲಿನಲ್ಲಿ ಮೂರು ಕಡೆ ಶಿಮ್ ಇದೆ, ಮೂರರ ಕೆಲಸವೂ ಬೇರೆ. ಒಂದು, ಪಿನಿಯನ್ನಿನ ದೊಡ್ಡ ಬೇರಿಂಗ್ ಕಪ್ಪಿನ (ಹೊರ ರಿಂಗಿನ) ಹಿಂದೆ. ಇದು ಪಿನಿಯನ್ ಕ್ರೌನಿನ ಕಡೆ ಎಷ್ಟು ಆಳ ಹೋಗಬೇಕು ಅಂತ ತೀರ್ಮಾನಿಸುತ್ತದೆ. ಎರಡು, ಪಿನಿಯನ್ನಿನ ಚಿಕ್ಕ ಬೇರಿಂಗಿನ ಒಳಗೆ, ಇದರ ಮೇಲೆ ಬೇರಿಂಗಿನ ಬಿಗಿ ನಿಂತಿದೆ, ಪ್ರೀಲೋಡ್ ಅನ್ನುತ್ತಾರೆ. ಮೂರು, ಕೇಜಿನ ಎಡ ಬಲ ಬೇರಿಂಗ್‌ಗಳ ಹಿಂದೆ, ಬ್ಯಾಕ್‌ಲ್ಯಾಶ್ ಅದರದು. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಹಾಗಾಗಿ ಒಂದೇ ಸಲಕ್ಕೆ ಸರಿ ಬರುವುದಿಲ್ಲ, ಹಾಕಿ, ಅಳೆದು, ಬಿಚ್ಚಿ, ಮತ್ತೆ ಹಾಕಬೇಕು. ನಾನು ಕೇಜನ್ನು ಏಳು ಸಲ ಹಾಕಿ ತೆಗೆದೆ.

ತೊಂದರೆ ಇರುವುದು ಇಲ್ಲೇ. ಪಕ್ಕದ ಶಿಮ್ ಬೇರಿಂಗಿನ ಹಿಂದೆ ಇದೆ, ಅಂದರೆ ಪ್ರತಿ ಸಲ ಶಿಮ್ ಬದಲಿಸಲು ಬಿಗಿಯಾಗಿ ಕೂತ ಹೊಸ ಬೇರಿಂಗನ್ನು ಎಳೆದು ತೆಗೆಯಬೇಕು. ಏಳು ಸಲ ಎಳೆದರೆ ಹೊಸ ಬೇರಿಂಗ್ ಉಳಿಯುತ್ತದಾ? ಆ ವರ್ಕ್‌ಶಾಪಿನಲ್ಲಿ ಹಳೇ ಶಿಮ್ಮನ್ನೇ ಹಾಕಿ ಮುಗಿಸಿದ್ದು ಇದೇ ಕಾರಣಕ್ಕೆ ಇರಬೇಕು ಅಂತ ನನಗೆ ಅನ್ನಿಸುತ್ತದೆ. ದಾರಿ ಗೊತ್ತಿಲ್ಲದಿದ್ದರೆ ಯಾರಿಗೂ ಕೈ ಬರುವುದಿಲ್ಲ.

ದಾರಿ ಹಳೇ ಬೇರಿಂಗಿನಲ್ಲಿದೆ. ಹಳೇ ಕೋನಿನ ಒಳತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿದರೆ ಅದು ಕೇಜಿನ ಮೇಲೆ ಕೈಯಲ್ಲೇ ಜಾರಿ ಕೂರುತ್ತದೆ, ಕೈಯಲ್ಲೇ ಬರುತ್ತದೆ. ಅಳತೆ ಎಲ್ಲಾ ಅದರಲ್ಲಿ ಮಾಡಿ, ಕೊನೆಗೆ ಒಂದೇ ಸಲ ಹೊಸದನ್ನು ಕೂರಿಸುವುದು. ನಾವು ಇದಕ್ಕೆ ಸೆಟ್ಟಿಂಗ್ ಬೇರಿಂಗ್ ಅಂತ ಹೆಸರಿಟ್ಟುಕೊಂಡೆವು. ಲೇತ್‌ಗೆ ಒಯ್ದರೆ ಅವರು ನಕ್ಕು, "ಬೇರಿಂಗ್ ಉಕ್ಕು ನಮ್ಮ ಟೂಲಿಗೆ ಬಗ್ಗಲ್ಲ, ಎಮರಿಯಲ್ಲಿ ಉಜ್ಜು" ಅಂದರು. ಡ್ರಿಲ್ಲಿಗೆ ಎಮರಿ ಫ್ಲಾಪ್ ವೀಲ್ ಹಾಕಿ ಒಂದೊಂದಕ್ಕೆ 40 ನಿಮಿಷ ಉಜ್ಜಿದೆ. ಎರಡು ನಿಮಿಷಕ್ಕೊಮ್ಮೆ ಹಾಕಿ ನೋಡಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಕೂರುವಷ್ಟಾದರೆ ಸಾಕು, ಸಡಿಲ ಆದರೆ ಅಳತೆ ಸುಳ್ಳು ಹೇಳುತ್ತದೆ. ಗೂಡು ಹರಿದಿದ್ದ ಆ ಒಂದು ಬೇರಿಂಗಿನ ಬದಲಿಗೆ ಕಾಕನ ಡಬ್ಬದಿಂದ ಅದೇ ನಂಬರಿನ ಹಳೆಯದು ಸಿಕ್ಕಿತು. ಪಿನಿಯನ್ ಕಡೆ ಇದರ ಉಲ್ಟಾ. ಅಲ್ಲಿ ಶಿಮ್ ಕಪ್ಪಿನ ಹಿಂದೆ ಇರುವುದರಿಂದ ಹಳೇ ಕಪ್ಪಿನ ಹೊರಮೈಯನ್ನು ಉಜ್ಜಿದೆ, ಕೋನ್ ಹೊಸದನ್ನೇ ಕೂರಿಸಿದೆ. ಉಜ್ಜಿದ ಹಳೆಯದಕ್ಕೂ ಹೊಸದಕ್ಕೂ ದಪ್ಪದಲ್ಲಿ ವ್ಯತ್ಯಾಸ ಇದೆಯಾ ಅಂತ ಮೈಕ್ರೋಮೀಟರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಇದ್ದರೆ ಕೊನೆಯ ಶಿಮ್ಮಿನಲ್ಲಿ ಆ ಲೆಕ್ಕ ಸೇರಿಸಬೇಕು.

ಕ್ರೌನ್ ಪಿನಿಯನ್ ಹಲ್ಲಿನಲ್ಲಿ ಗುಳಿ ಬಿದ್ದಿದ್ದರಿಂದ ಹೊಸ ಸೆಟ್ ತಂದೆವು. ಎರಡರ ಮೇಲೂ ಒಂದೇ ಜೋಡಿ ನಂಬರ್ ಇರಬೇಕು, ಅಂಗಡಿಯಲ್ಲೇ ಪೊಟ್ಟಣ ಬಿಚ್ಚಿ ನೋಡಿ ತನ್ನಿ. ಪಿನಿಯನ್ನಿನ ತಲೆಯ ಮೇಲೆ ಇನ್ನೊಂದು ಚಿಕ್ಕ ಗುರುತು ಇರುತ್ತದೆ, +1, 0, −2 ಹೀಗೆ. ಅದು ಇಂಚಿನ ಸಾವಿರದಲ್ಲಿ ಲೆಕ್ಕ. ನಮ್ಮ ಹಳೆಯದು +1, ಹೊಸದು −2. ಪ್ಲಸ್ ಇದ್ದರೆ ಪಿನಿಯನ್ ಕ್ರೌನಿನ ನಡುವಿನಿಂದ ದೂರ ನಿಲ್ಲಬೇಕು, ಶಿಮ್ ಕಡಿಮೆ ಸಾಕು. ಮೈನಸ್ ಇದ್ದರೆ ಹತ್ತಿರ ಬರಬೇಕು, ಶಿಮ್ ಜಾಸ್ತಿ. +1ರಿಂದ −2ಕ್ಕೆ ಮೂರು ಹೆಜ್ಜೆ, ಹಾಗಾಗಿ ಹಳೇ 0.035 ಇಂಚಿಗೆ 0.003 ಸೇರಿಸಿ 0.038ರಿಂದ ಶುರು ಮಾಡಿದೆ.

ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತಿದೆ ಅಂತ ನೋಡಲು ಬಣ್ಣ ಹಚ್ಚಬೇಕು. ಪ್ರಷ್ಯನ್ ಬ್ಲೂ ತಂದೆ, ಕಪ್ಪು ಉಕ್ಕಿನ ಮೇಲೆ ಕಡುನೀಲಿ ಕಾಣುವುದೇ ಇಲ್ಲ, ಅದೂ ಮಳೆಗಾಲದ ಮಬ್ಬು ಬೆಳಕಿನಲ್ಲಿ. ಮಕ್ಕಳು ಚಿತ್ರ ಬರೆಯಲು ತಂದಿಟ್ಟಿದ್ದ ಹಳದಿ ಆಯಿಲ್ ಪೇಂಟಿನ ಟ್ಯೂಬಿಗೆ ಎರಡು ಹನಿ ಗೇರ್ ಆಯಿಲ್ ಬೆರೆಸಿ ಹಚ್ಚಿದೆ. ಅಷ್ಟು ಸ್ಪಷ್ಟವಾಗಿ ಗುರುತು ಬಂತು ಅಂದರೆ, ಚಿಕ್ಕಪ್ಪ ಕನ್ನಡಕ ಇಲ್ಲದೆಯೇ ನೋಡಿ ಹೇಳಿದರು. ಕ್ರೌನನ್ನು ಮರದ ತುಂಡಿನಿಂದ ಒತ್ತಿ ಹಿಡಿದು ಪಿನಿಯನ್ ತಿರುಗಿಸಬೇಕು, ಭಾರ ಬೀಳದಿದ್ದರೆ ಗುರುತು ಸರಿ ಮೂಡುವುದಿಲ್ಲ. 0.038ರಲ್ಲಿ ಗುರುತು ಹಲ್ಲಿನ ತುದಿಯ ಕಡೆಗೆ ಬಿತ್ತು. ಅಂದರೆ ಪಿನಿಯನ್ ಇನ್ನೂ ದೂರ ಇದೆ. 0.005 ಸೇರಿಸಿ 0.043 ಮಾಡಿದೆ, ಗುರುತು ಹಲ್ಲಿನ ತುದಿಗೂ ಬುಡಕ್ಕೂ ನಡುವೆ ಬಂದು ನಿಂತಿತು. ಬುಡಕ್ಕೆ ಬಿದ್ದರೆ ಪಿನಿಯನ್ ತೀರಾ ಒಳಗೆ ಹೋಗಿದೆ ಅಂತ ಅರ್ಥ, ಆಗ ಶಿಮ್ ತೆಗೆಯಬೇಕು.

ಪ್ರೀಲೋಡ್ ಅಳೆಯುವ ಸಾಮಾನೇ ನನ್ನನ್ನು ಜಾಸ್ತಿ ಅಲೆದಾಡಿಸಿದ್ದು. ಹೊಸ ಬೇರಿಂಗಿಗೆ ಪಿನಿಯನ್ ತಿರುಗಿಸಲು 20ರಿಂದ 40 ಇಂಚು-ಪೌಂಡ್ ಬೇಕು, ಅಂದರೆ 2.3ರಿಂದ 4.5 ನ್ಯೂಟನ್ ಮೀಟರ್. ಇಷ್ಟು ಸಣ್ಣದನ್ನು ಓದುವ ಟಾರ್ಕ್ ರೆಂಚ್ ಗೋಣಿಕೊಪ್ಪದಲ್ಲೂ ಇಲ್ಲ, ವಿರಾಜಪೇಟೆಯಲ್ಲೂ ಇಲ್ಲ. ಬೋಲ್ಟ್ ಬಿಗಿಯುವ ಕ್ಲಿಕ್ ರೆಂಚ್ ಇಲ್ಲಿ ಉಪಯೋಗವೇ ಇಲ್ಲ, ಅದು ತಿರುಗುತ್ತಿರುವಾಗಿನ ಭಾರ ತೋರಿಸುವುದಿಲ್ಲ. ಆಗ ತೋಟದ ತಕ್ಕಡಿ ನೆನಪಾಯಿತು. ಸಂಜೆ ಕಾಫಿ ಹಣ್ಣು ತೂಗುವ ದೊಡ್ಡ ಮುಳ್ಳಿನ ತಕ್ಕಡಿ ಅರ್ಧರ್ಧ ಕೆ.ಜಿ. ಮಾತ್ರ ತೋರಿಸುತ್ತದೆ, ಅದು ಬೇಡ. ಕರಿಮೆಣಸು ತೂಗಲು ಇಟ್ಟ ಡಿಜಿಟಲ್ ಕೊಕ್ಕೆ ತಕ್ಕಡಿ 10 ಗ್ರಾಂವರೆಗೂ ತೋರಿಸುತ್ತದೆ. ಹಲಸಿನ ಹಲಗೆಯಲ್ಲಿ 20 ಸೆಂ.ಮೀ. ಅಗಲದ ಒಂದು ಗುಂಡು ತಟ್ಟೆ ಆಚಾರಿಯವರಿಂದ ಕೊಯ್ಯಿಸಿ, ಅಂಚಿಗೆ ದಾರ ಕೂರುವಂಥ ಗೀರು ಮಾಡಿಸಿ, ಪಿನಿಯನ್ನಿನ ಯೋಕಿಗೆ (ಪ್ರೊಪೆಲ್ಲರ್ ಶಾಫ್ಟ್ ಸಿಕ್ಕಿಸುವ ತುದಿಗೆ) ಬಿಗಿದೆ. ದಾರ ಸುತ್ತಿ ತಕ್ಕಡಿ ಹಿಡಿದು ಒಂದೇ ಸಮನೆ ಎಳೆಯುವುದು. ನಡುವಿನಿಂದ ಅಂಚಿಗೆ 10 ಸೆಂ.ಮೀ., ಹಾಗಾಗಿ ತಕ್ಕಡಿ 2.3 ಕೆ.ಜಿ.ಯಿಂದ 4.6 ಕೆ.ಜಿ. ಒಳಗೆ ತೋರಿಸಿದರೆ ಸರಿ. ಹೊರಡುವಾಗಿನ ಎಳೆತ ಲೆಕ್ಕಕ್ಕಿಲ್ಲ, ತಿರುಗುತ್ತಿರುವಾಗಿನದು ಲೆಕ್ಕ. ಆಯಿಲ್ ಸೀಲ್ ಹಾಕುವ ಮುಂಚೆಯೇ ಅಳೆಯಬೇಕು, ಸೀಲಿನ ಉಜ್ಜಾಟವೂ ಸೇರಿಕೊಂಡರೆ ಮೋಸ ಆಗುತ್ತದೆ.

ಮೊದಲ ಸಲ 1.1 ಕೆ.ಜಿ. ಸಡಿಲ. 0.005 ಇಂಚು ಶಿಮ್ ತೆಗೆದೆ, 6.2 ಆಯಿತು, ಪಿನಿಯನ್ ಕೈಗೆ ಗಟ್ಟಿ. ಅದನ್ನು ವಾಪಸ್ ಹಾಕಿ 0.003 ಮಾತ್ರ ತೆಗೆದೆ, 3.4ಕ್ಕೆ ನಿಂತಿತು. 0.002 ಇಂಚಿನಲ್ಲಿ ಇಷ್ಟು ವ್ಯತ್ಯಾಸ. ಉದ್ದದ ಪೈಪು ಹಾಕಿ "ಆದಷ್ಟು ಬಿಗಿ" ಮಾಡಿದರೆ ಬೇರಿಂಗ್ ಏನಾಗುತ್ತದೆ ಅಂತ ಇದರಲ್ಲೇ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮದರಲ್ಲಿ ಬಿಗಿ ತೀರ್ಮಾನಿಸುವುದು ಶಿಮ್, ನಟ್ಟನ್ನು ಯಾವಾಗಲೂ ಒಂದೇ ಅಳತೆಗೆ ಬಿಗಿಯಬೇಕು. ಈಚಿನ ಎಷ್ಟೋ ಗಾಡಿಗಳಲ್ಲಿ ಶಿಮ್ ಬದಲು ಕ್ರಶ್ ಸ್ಲೀವ್ ಅನ್ನುವ ಕುಗ್ಗುವ ಕೊಳವೆ ಇರುತ್ತದೆ. ಅಲ್ಲಿ ನಟ್ ಬಿಗಿದ ಹಾಗೆ ಸ್ಲೀವ್ ಕುಗ್ಗಿ ಪ್ರೀಲೋಡ್ ಏರುತ್ತದೆ, ಒಮ್ಮೆ ಜಾಸ್ತಿ ಆದರೆ ಹಿಂದಕ್ಕೆ ಬಿಟ್ಟರೆ ಸರಿಯಾಗುವುದಿಲ್ಲ, ಹೊಸ ಸ್ಲೀವೇ ಬೇಕು. ನಿಮ್ಮದರಲ್ಲಿ ಯಾವುದು ಅಂತ ನೋಡದೆ ಈ ಲೆಕ್ಕ ಹಿಡಿದು ಹೊರಡಬೇಡಿ.

ನಟ್ಟಿಗೆ 200 ಅಡಿ-ಪೌಂಡ್, ಸುಮಾರು 270 ನ್ಯೂಟನ್ ಮೀಟರ್. ಅಷ್ಟು ದೊಡ್ಡ ಟಾರ್ಕ್ ರೆಂಚ್ ಕೊಳ್ಳಲಿಲ್ಲ. ನಟ್ಟಿನ ನಡುವಿನಿಂದ ಸರಿಯಾಗಿ 1.2 ಮೀಟರ್ ದೂರದಲ್ಲಿ ಪೈಪಿಗೆ ಅದೇ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಪೈಪಿಗೆ ನೇರ ಅಡ್ಡಕ್ಕೆ ಎಳೆದು 23 ಕೆ.ಜಿ. ಬಂದಾಗ ನಿಲ್ಲಿಸಿದೆ. ಪೈಪಿನ ತೂಕ ಲೆಕ್ಕ ತಪ್ಪಿಸದ ಹಾಗೆ ಹೌಸಿಂಗನ್ನು ಮೂತಿ ಮೇಲೆ ಮಾಡಿ ಕಟ್ಟಿದ್ದೆವು, ಪೈಪು ನೆಲಕ್ಕೆ ಸಮನಾಗಿ ತಿರುಗುತ್ತಿತ್ತು. ಯೋಕ್ ತಿರುಗದ ಹಾಗೆ ಹಿಡಿಯಲು ನಾಲ್ಕು ಅಡಿ ಕಬ್ಬಿಣದ ಪಟ್ಟಿಗೆ ಎರಡು ತೂತು ಕೊರೆದು ಬಿಗಿದರೆ ಸಾಕು, ಇದು ತಪ್ಪದೆ ಬೇಕು. ಪರೀಕ್ಷೆಗೆಲ್ಲಾ ಹಳೇ ನಟ್ ಹಾಕಿ, ಹೊಸ ನಟ್ ಕೊನೆಯ ಸಲಕ್ಕೆ ಮಾತ್ರ.

ಬ್ಯಾಕ್‌ಲ್ಯಾಶ್ ಲೆಕ್ಕ ಬೇಗ ಹೇಳುತ್ತೇನೆ. ಸೆಟ್ಟಿಂಗ್ ಬೇರಿಂಗ್ ಹಾಕಿದ ಕೇಜನ್ನು ಪಿನಿಯನ್ ಇಲ್ಲದೆ, ಶಿಮ್ ಇಲ್ಲದೆ ಕೂರಿಸಿ ಎಡಕ್ಕೆ ಬಲಕ್ಕೆ ಪೂರ್ತಿ ತಳ್ಳಿದರೆ ಒಟ್ಟು ಆಟ ಸಿಗುತ್ತದೆ, ನಮಗೆ 1.60 ಮಿ.ಮೀ. ಆಮೇಲೆ ಪಿನಿಯನ್ ಹಾಕಿ, ಕೇಜನ್ನು ಪಿನಿಯನ್ನಿನಿಂದ ದೂರ ತಳ್ಳಿ ಗೇಜ್ ಸೊನ್ನೆ ಮಾಡಿ, ಹಲ್ಲು ಹಲ್ಲಿಗೆ ಗಟ್ಟಿ ತಾಗುವವರೆಗೆ ತಂದರೆ 0.95. ಹಲ್ಲು ಗಟ್ಟಿ ತಾಗಬಾರದು, ಅದಕ್ಕೆ 0.22 ಹಿಂದೆ ಸರಿಸಿ ಕ್ರೌನಿನ ಬೆನ್ನ ಕಡೆ 0.73, ಉಳಿದ 0.87 ಇನ್ನೊಂದು ಕಡೆ. ಅದರ ಮೇಲೆ ಬಿಗಿಗೆ ಅಂತ ನಾವು ಹಿಡಿದ ಮ್ಯಾನುವಲ್ ಹೇಳಿದ 0.008 ಇಂಚು, ಅಂದರೆ 0.2 ಮಿ.ಮೀ., ಆ ಇನ್ನೊಂದು ಕಡೆಗೇ ಸೇರಿಸಿದೆ, 1.07 ಆಯಿತು. ಅಳೆದರೆ ಬ್ಯಾಕ್‌ಲ್ಯಾಶ್ 0.16.

ಆದರೆ ಅದು ಒಂದು ಜಾಗದಲ್ಲಿ ಮಾತ್ರ. ಕ್ರೌನ್ ತಿರುಗಿಸಿ ನಾಲ್ಕು ಕಡೆ ನೋಡಿದರೆ ಒಂದು ಕಡೆ 0.16, ಅದರ ಎದುರು 0.27. ಇದು 0.05ಕ್ಕಿಂತ ಜಾಸ್ತಿ ಬದಲಾಗಬಾರದು. ಇಡೀ ರಾತ್ರಿ ನಿದ್ದೆ ಬರಲಿಲ್ಲ, ಹೊಸ ಸೆಟ್ಟೇ ಸೊಟ್ಟ ಇದೆಯೋ ಏನೋ ಅಂತ. ಬೆಳಗ್ಗೆ ಗೇಜನ್ನು ಕ್ರೌನಿನ ಬೆನ್ನಿಗೆ ಇಟ್ಟು ತಿರುಗಿಸಿದೆ, 0.16 ಓಲಾಟ. ಕ್ರೌನ್ ಬಿಚ್ಚಿ ಕೇಜಿನ ಮೈ ಮೇಲೆ ಬೆರಳಾಡಿಸಿದರೆ ಬೋಲ್ಟ್ ತೂತಿನ ಪಕ್ಕ ಸಣ್ಣ ಉಬ್ಬು, ಹಿಂದೆ ಯಾರೋ ಉಳಿ ಹೊಡೆದ ಗುರುತು. ಎಣ್ಣೆ ಕಲ್ಲಿನಲ್ಲಿ ಉಜ್ಜಿ ಸಮ ಮಾಡಿ, ಬೋಲ್ಟ್‌ಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿದು 55 ಅಡಿ-ಪೌಂಡಿಗೆ ತಂದೆ. ಓಲಾಟ 0.04ಕ್ಕೆ ಇಳಿಯಿತು. ಬೆರಳಿಗೆ ಸಿಕ್ಕುವ ಉಬ್ಬು ಅದು, ಆದರೆ ಗೇಜ್ ಹೇಳದಿದ್ದರೆ ಬೆರಳು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಎಲ್ಲಾ ಮತ್ತೆ ಕೂರಿಸಿದ ಮೇಲೆ ನಾಲ್ಕೂ ಕಡೆ 0.15ರಿಂದ 0.18.

ಕೇಸ್ ಸ್ಪ್ರೆಡರ್ ಅಂತ ಒಂದು ಸಾಮಾನು ಇದೆ, ಹೌಸಿಂಗಿನ ಬಾಯಿಯನ್ನು ಸ್ವಲ್ಪ ಅಗಲಿಸಿ ಕೇಜ್ ಕೂರಿಸಲು. ನಾನು ಅದರ ಹಿಂದೆ ಒಂದು ವಾರ ಬಿದ್ದಿದ್ದೆ, ಬೇಕಾಗಲಿಲ್ಲ. 0.2 ಮಿ.ಮೀ. ಬಿಗಿಗೆ ಎರಡೂ ಕಪ್ಪನ್ನು ಸ್ವಲ್ಪ ಓರೆ ಹಿಡಿದು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರೆ ಕೂರುತ್ತದೆ. ಇದಕ್ಕಿಂತ ಜಾಸ್ತಿ ಬಿಗಿ ಕೇಳುವ ಆಕ್ಸಲ್ ಆದರೆ ಸ್ಪ್ರೆಡರ್ ಬೇಕು, ಆಗಲೂ ಡಯಲ್ ಗೇಜ್ ಇಟ್ಟು 0.5 ಮಿ.ಮೀ. ದಾಟದ ಹಾಗೆ ನೋಡಬೇಕು. ದಾಟಿದರೆ ಹೌಸಿಂಗ್ ಮತ್ತೆ ಹಳೇ ಅಳತೆಗೆ ಬರದೇ ಹೋಗಬಹುದು.

ನಮ್ಮ ಊರಿನ ಹವೆಗೆ ಸೇರಿದ್ದು ಒಂದು ಮಾತು. ಸೆಪ್ಟೆಂಬರಿನಲ್ಲಿ ಇಲ್ಲಿ ಗಾಳಿಯೇ ಒದ್ದೆ. ಒರೆಸಿ ಇಟ್ಟ ಹೊಸ ಪಿನಿಯನ್ ಮೇಲೆ ಒಂದು ರಾತ್ರಿಗೆ ಕಂದು ಬಣ್ಣ ಬಂತು. ಆಮೇಲೆ ಪ್ರತಿ ಸಂಜೆ ಎಲ್ಲದಕ್ಕೂ ಗೇರ್ ಆಯಿಲ್ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆ. ಡಯಲ್ ಗೇಜನ್ನು ಶೆಡ್ಡಿನಲ್ಲಿ ಬಿಡಲೇ ಇಲ್ಲ, ಬಿಸ್ಕೆಟ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮನೆಯೊಳಗೆ ಒಲೆಯ ಕಡೆಯ ಅಟ್ಟದಲ್ಲಿ ಇಟ್ಟೆ. ಒದ್ದೆ ಹಿಡಿದ ಗೇಜಿನ ಕಡ್ಡಿ ಜಾಮ್ ಆಗಿ ಮುಳ್ಳು ಒಂದೇ ಕಡೆ ನಿಂತರೆ, ಬ್ಯಾಕ್‌ಲ್ಯಾಶ್ ಬಹಳ ಚೆನ್ನಾಗಿದೆ ಅಂತ ನಂಬಿಬಿಡುತ್ತೇವೆ, ಅಲ್ವಾ?

ಕೊನೆಯ ಜೋಡಣೆ ಒಂದೇ ದಿನದಲ್ಲಿ ಮುಗಿಯಿತು. ಹೊಸ ಬೇರಿಂಗ್, ಹೊಸ ಸೀಲ್, ಕ್ರೌನ್ ಬೋಲ್ಟುಗಳಿಗೆ ಥ್ರೆಡ್ ಲಾಕ್, ಆಕ್ಸಲ್ ನಟ್ಟಿಗೆ 150 ಅಡಿ-ಪೌಂಡ್ ಮತ್ತು ಹೊಸ ಸ್ಪ್ಲಿಟ್ ಪಿನ್. ಹೊಸ ಬೇರಿಂಗ್ ಮೇಲೆ ಇನ್ನೊಮ್ಮೆ ಎಲ್ಲಾ ಅಳೆದೆ, 0.17. ಇಪಿ 90 ಗೇರ್ ಆಯಿಲ್ ಸುಮಾರು 1.2 ಲೀಟರ್ ಹಿಡಿಯಿತು. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾಡಿಯ ಅಡಿಯಲ್ಲಿ ಸೀಟಿನ ಎತ್ತರಕ್ಕೆ ತಂದು ಬಾಯಿ ಕೆಳಗೆ ಮಾಡಿ ಕಟ್ಟಿದೆ. ತೋಡಿನ ನೀರು ಅಷ್ಟು ಎತ್ತರ ಬಂದ ದಿನ ನಾವು ಜೀಪು ಇಳಿಸುವುದೇ ಇಲ್ಲ.

ಮೊದಲ ದಿನ 20 ಕಿ.ಮೀ. ನಿಧಾನಕ್ಕೆ ಓಡಿಸಿ ನಿಲ್ಲಿಸಿ, ಹೌಸಿಂಗ್ ಕೈಯಲ್ಲಿ ಮುಟ್ಟಿ ನೋಡಿ, ತಣ್ಣಗಾದ ಮೇಲೆ ಮತ್ತೆ ಓಡಿಸಿದೆ. ಲೋಡ್ ಹಾಕಲಿಲ್ಲ. ಎರಡನೇ ದಿನ ಕಾಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವಿರಾಜಪೇಟೆಗೆ ಹೋಗಿ ಬಂದೆವು. ಕಣ್ಣಿಗಿಂತ ಅವರ ಕಿವಿ ಈಗ ಚುರುಕು. ಏರಿನಲ್ಲಿ, ಇಳಿಜಾರಿನಲ್ಲಿ, ಕಾಲು ತೆಗೆದಾಗ, ಒತ್ತಿದಾಗ, ಎಲ್ಲಾ ಕೇಳಿಸಿಕೊಂಡು, "ಟೈರ್ ಸದ್ದು ಕೇಳ್ತಾ ಉಂಟು. ಬೇರೆ ಏನಿಲ್ಲ" ಅಂದರು. ಆಯುಧ ಪೂಜೆಗೆ ಜೀಪು ಅಂಗಳದಲ್ಲಿತ್ತು. 500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿದೆ. ಇಳಿಸಿದ ಆಯಿಲಿನಲ್ಲಿ ಮ್ಯಾಗ್ನೆಟ್ ಆಡಿಸಿದರೆ ಸಣ್ಣ ಬೂದು ಪೇಸ್ಟ್ ಮಾತ್ರ ಬಂತು, ಹೊಸ ಹಲ್ಲು ಉಜ್ಜಿಕೊಳ್ಳುವಾಗ ಅಷ್ಟು ಬರುತ್ತದೆ. ಚೂರುಗಳಿಲ್ಲ, ಹಾಲಿನ ಬಣ್ಣ ಇಲ್ಲ.

ಕಾಕನ ಪುಲ್ಲರ್, ಸ್ಪ್ಲಿಟರ್ ಒರೆಸಿ ಎಣ್ಣೆ ಹಚ್ಚಿ ವಾಪಸ್ ಕೊಟ್ಟೆ. ಉಜ್ಜಿದ ಸೆಟ್ಟಿಂಗ್ ಬೇರಿಂಗ್‌ಗಳ ಮೇಲೆ ಅವುಗಳ ದಪ್ಪವನ್ನು ಪೇಂಟಿನಲ್ಲಿ ಬರೆದಿಟ್ಟಿದ್ದೇನೆ. ಹೋದ ವಾರ ಅವು, ಹಲಸಿನ ತಟ್ಟೆಯ ಸಮೇತ, ನಾಪೋಕ್ಲು ಕಡೆಯ ಇನ್ನೊಂದು ಜೀಪಿನ ಕೆಲಸಕ್ಕೆ ಹೋಗಿವೆ. ಡಯಲ್ ಗೇಜ್ ಅವರೇ ಕೊಂಡುಕೊಂಡರು.